ಸೇದದ ಬೀಡಿ, ಏಳು ತಿಂಗಳ ಉಸಿರು

ನಾನು ಜೀವಮಾನದಲ್ಲಿ ಒಂದು ಬೀಡಿಯನ್ನೂ ಸೇದಿಲ್ಲ. ನಂಬದೆ ಇರಿ ನೋಡೋಣ! ಬೇರೆಯವರ ಬೀಡಿಗೆ ಖಾರದಪುಡಿ ತುಂಬಿದ್ದೇನೆ, ಅದು ಬೇರೆ ಮಾತು. ಖಾನಾಪುರದಲ್ಲಿ ನನ್ನ ಕೈಯಲ್ಲಿ ಬೇಸ್ತು ಬೀಳದವರು ಯಾರೂ ಉಳಿದಿಲ್ಲ.

ಮೆಟ್ಟಿಲು ಹತ್ತುವಾಗ ನಾನು ಏದುಸಿರು ಬಿಡುವುದನ್ನು ಕಂಡ ಹೆಂಡತಿ ಬೆಳಗಾವಿಗೆ, ಸದಾಶಿವನಗರದ ಡಾಕ್ಟರರ ಹತ್ತಿರ ಎಳೆದೊಯ್ದಳು. ಅವರು ಬಾಯಿಗೆ ಕೊಳವೆಯಿಟ್ಟು ಊದಿಸಿದರು. ನನ್ನ ರಭಸಕ್ಕೆ ಯಂತ್ರ ಕೆಟ್ಟೇ ಹೋಯಿತು ಅಂದುಕೊಂಡೆ. ಅದಕ್ಕೆ ಏನೂ ಆಗಿರಲಿಲ್ಲ.

"ಎಷ್ಟ ವರ್ಷ ಸೇದೀರಿ ಅಜ್ಜಾರ? ಗಾಳಿ ಹೊರಗ ಬರೂ ಹಾದಿ ಸಣ್ಣ ಆಗೇತಿ."

"ಸೇದೇ ಇಲ್ರಿ."

"ದಿನ ತುಂಬಿ ಹುಟ್ಟೀರೇನು?"

"ಹೌದ್ರಿ, ತುಂಬಿದ ಒಂಬತ್ತು."

ಅದು ಅವ್ವ ಕಲಿಸಿದ ಪಾಠ. ನಾನು ಹುಟ್ಟಿದ್ದು ಏಳಕ್ಕೇ. ಏಳು ತಿಂಗಳ ಕೂಸೆಂದರೆ ಯಾರೂ ಹೆಣ್ಣು ಕೊಡುವುದಿಲ್ಲವೆಂದು ಮನೆಯವರೆಲ್ಲ ಒಂಬತ್ತೆಂದೇ ಸಾಧಿಸಿ ನನ್ನ ಮದುವೆ ಮಾಡಿದ್ದರು. ಹೇಳಿ ಹೇಳಿ ನನ್ನ ಬಾಯಿಗೂ ಅದೇ ರೂಢಿ.

ಹೊರಗೆ ಬಂದದ್ದೇ ಹೆಂಡತಿ ನನ್ನ ಕಿಸೆ ತಡಕಿದಳು. "ಬೀಡಿ ಎಲ್ಲಿ ಮುಚ್ಚಿಟ್ಟೀರಿ?"

ಬೀಡಿ ಮುಟ್ಟಿಲ್ಲ, ಏಳು ತಿಂಗಳಿಗೇ ಹುಟ್ಟಿದ್ದಕ್ಕೆ ಹೀಗಿರಬೇಕು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ.

"ನಿಮ್ಮ ನಾಟಕ ನನಗ ಗೊತ್ತಿಲ್ಲೇನು!"

ಅಪ್ಪಟ ಸತ್ಯ ಹೇಳಿ ಕಳ್ಳನಾದೆ. ಮನೆಯಲ್ಲಿ ಮಾನ ಉಳಿಯಬೇಕಾದರೆ ಸಾಕ್ಷಿ ಬೇಕು. ಗುಂಜಿಯಲ್ಲಿರುವ ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಯಾವ ಮೂಳ ಹೇಳಿದಾ ಏಳಂತ? ತುಂಬಿದ ಒಂಬತ್ತ!" ಎಂದಳು ಅಕ್ಕ. ಅವ್ವನಿಗೆ ಕೊಟ್ಟ ಮಾತನ್ನು ಅವಳಿನ್ನೂ ಬಿಟ್ಟಿರಲಿಲ್ಲ.

ಹೆಂಡತಿ ಫೋನ್ ಕಸಿದುಕೊಂಡಳು. "ಅಕ್ಕಾರ, ಮೊಮ್ಮಕ್ಕಳನ್ನ ಕಂಡೀನಿ. ಇನ್ನ ತವರಿಗೆ ಹೊಳ್ಳಿ ಹೋಗಾಂಗಿಲ್ಲ. ಖರೇ ಹೇಳ್ರಿ."

ಆ ಕಡೆ ನಗು. "ಏಳ ತಂಗಿ. ಹತ್ತ್ಯಾಗ ಸುತ್ತಿ ಬುಟ್ಟ್ಯಾಗ ಮಲಗಿಸಿದ್ವಿ. ಬೆಕ್ಕಿನ ಮರಿ ಹಂಗ ಇದ್ದಾ. ಅಳಾಕೂ ಉಸಿರಿರಲಿಲ್ಲ."

ಮತ್ತೆ ಒಳಗೆ ಹೋದೆವು. ದಿನ ತುಂಬದೆ ಹುಟ್ಟಿದವರ ಶ್ವಾಸಕೋಶ ಪೂರ್ತಿ ಬೆಳೆದಿರುವುದಿಲ್ಲ, ಕೆಲವರಿಗೆ ಅದರ ಗುರುತು ಮುಪ್ಪಿನವರೆಗೂ ಉಳಿಯುತ್ತದೆ ಎಂದರು ಡಾಕ್ಟರು. "ಮೊದಲ ಹೇಳಬಾರದೇನ್ರಿ? ಬೀಡಿ ಮಾತು ಬಿಡ್ರಿ. ಹೊಗಿಯಿಂದ ದೂರ ಇರ್ರಿ, ದಿನಾ ಅಡ್ಡಾಡ್ರಿ, ವರ್ಷಾ ಬಂದು ಊದಿ ಹೋಗ್ರಿ."

ಅರೆಬರೆ ಶ್ವಾಸಕೋಶದಿಂದಲೇ ಇಡೀ ತಾಲ್ಲೂಕನ್ನು ಗೋಳುಹೊಯ್ದುಕೊಂಡವನು ನಾನು. ದಿನ ತುಂಬಿ ಬಂದಿದ್ದರೆ ಜಿಲ್ಲೆಯ ಗತಿ ಏನಾಗುತ್ತಿತ್ತು!

ಖಾನಾಪುರದ ಬಸ್ಸು ಹತ್ತಿದ ಮೇಲೆ ಹೆಂಡತಿ "ತಪ್ಪಾತ್ರಿ" ಎಂದು ಕೈ ಮುಗಿದಳು.

ಇಷ್ಟೆಲ್ಲ ಹೇಳಿದ್ದರಲ್ಲಿ ಅದೊಂದು ಮಾತ್ರ ನಾನು ಕಟ್ಟಿ ಹೇಳಿದ್ದು. ಖರೇ ಅಂದರೆ ಅವಳು, "ಒಂಬತ್ತಂತ ಹೇಳಿ ಏಳರದ್ದನ್ನ ಕಟ್ಟ್ಯಾರ ನನಗ" ಎಂದು ಗೊಣಗಿ, ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟಳು.