ಆಯುಧಪೂಜೆಗೆ ಹೊರಡದ ಲಾರಿ

ದಾಕ್ಷಾಯಣಿ ಲಾರಿ ಓಡಿಸುತ್ತಾಳೆ ಎಂಬ ಸುದ್ದಿ ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್ ಬಡಾವಣೆಯ ಕನ್ನಡದ ಮನೆಗಳಲ್ಲಿ ಬಹಳ ದಿನ ಸುತ್ತಾಡಿತು. ಗಂಡ ಪ್ರಶಾಂತ್ ಎಜ್‌ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಡಾಕ್ಟರು. ಹೆಂಡತಿಗೆ ಇದೇನು ಗ್ರಹಚಾರ? ಆಡಿಕೊಳ್ಳುವವರಿಗೆ ಬೇರೆ ಕೆಲಸ ಬೇಕಲ್ಲ! ಒಂದು ಊಟದಲ್ಲಿ ಯಾರೋ ನೇರವಾಗಿ ಕೇಳಿಯೂಬಿಟ್ಟರು. "ಅವರು ರೋಗಿಗಳನ್ನ ನೋಡ್ಕೋತಾರೆ. ಆಸ್ಪತ್ರೆಗೆ ಹೊಸಬರು ಸೇರದ ಹಾಗೆ ನಾನು ಲಾರಿ ಓಡಿಸ್ತೀನಿ" ಅಂದಳು. ಕೇಳಿದವರು ಪಾಯಸದ ಬಟ್ಟಲಿಗೆ ಕೈ ಹಾಕಿದರು.

ಅವಳ ಮಾಲೀಕರು ಚನ್ನಪ್ಪ. ಅದೇ ಊರಿನ ಅಂಚಿನಲ್ಲೊಂದು ಯಾರ್ಡು, ಮೂರು ಲಾರಿ, ಲೀಡ್ಸಿನ ಇಂಡಿಯನ್ ಅಂಗಡಿಗಳಿಗೆ ಅಕ್ಕಿ ಬೇಳೆ ಸಾಗಿಸುವ ವ್ಯವಹಾರ. ಮನುಷ್ಯ ಕೆಟ್ಟವರಲ್ಲ. ಹೊಸ ಲೈಸೆನ್ಸಿನ ಹೆಂಗಸಿಗೆ ಯಾರೂ ಕೆಲಸ ಕೊಡದಿದ್ದಾಗ ಕರೆದು ಕೀಲಿ ಕೈಗಿಟ್ಟವರು ಅವರೇ. ಅದಕ್ಕೇ ಅವರ ಮಾತು ಮೀರುವುದು ಅವಳಿಗೆ ಕಷ್ಟವಾಗಿತ್ತು.

ಈ ದೇಶದಲ್ಲಿ ಲಾರಿ ಹೊರಡಿಸುವ ಮುನ್ನ ಚಾಲಕರು ಒಂದು ಸುತ್ತು ಬಂದು ಟೈರು, ದೀಪ, ಬ್ರೇಕು ನೋಡಲೇಬೇಕು. ಅಪಾಯದ ದೋಷ ಕಂಡರೆ ಗಾಡಿ ರಸ್ತೆಗಿಳಿಯುವಂತಿಲ್ಲ. ಇಳಿದರೆ ಮಾಲೀಕರ ಜೊತೆ ಚಾಲಕರೂ ಉತ್ತರ ಕೊಡಬೇಕು. ಆಯುಧಪೂಜೆಯ ಬೆಳಿಗ್ಗೆ ಚನ್ನಪ್ಪ ಆ ಸುತ್ತಿಗೂ ಪುರುಸೊತ್ತು ಕೊಡಲಿಲ್ಲ. ಸರಕು ತುಂಬಿದ ಲಾರಿಗೆ ಹಾರ ಹಾಕಿಸಿ, ಕುಂಕುಮ ಹಚ್ಚಿಸಿ, ಬೂದುಗುಂಬಳ ಒಡೆಸಿ, ನೆಂಟರಿಷ್ಟರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಚಕ್ರದಡಿ ನಿಂಬೆಹಣ್ಣು ಇಡಲು ದಾಕ್ಷಾಯಣಿ ಬಗ್ಗಿದಳು. ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದರ ಪಕ್ಕೆ ಹಲ್ಲುನೋವಿನವರ ಕೆನ್ನೆಯ ಹಾಗೆ ಊದಿಕೊಂಡಿತ್ತು.

"ಟೈರ್ ಬದಲಾಯಿಸದೆ ಈ ಗಾಡಿ ಹೊರಡಲ್ಲ, ಸರ್."

"ಪೂಜೆ ಆದ ಗಾಡಿ ನಿಲ್ಲಿಸ್ತಾರೇನಮ್ಮಾ? ಅಪಶಕುನ!" ಚನ್ನಪ್ಪ ಕೆಂಡವಾದರು. "ಇವತ್ತು ಲೀಡ್ಸಿಗೆ ಹೋಗಿ ಬಾ, ನಾಳೆ ನೋಡೋಣ. ಕುಂಕುಮ ಇಟ್ಟ ಚಕ್ರಕ್ಕೆ ಹೆಸರಿಡ್ತೀಯಲ್ಲ!"

"ಮೋಟಾರ್‌ವೇಲಿ ಅದು ಸಿಡಿದು, ಹಿಂದಿನ ಕಾರಲ್ಲಿ ಮಕ್ಕಳಿದ್ರೆ? ಅದು ಶುಭಶಕುನವಾ?"

"ಹಾಗಾದ್ರೆ ಕೀಲಿ ಕೊಟ್ಟು ಮನೆಗೆ ನಡಿ. ನಾಳೆಯಿಂದ ಬರೋದೂ ಬೇಡ."

ಈ ಕೆಲಸವೆಂದರೆ ಅವಳಿಗೆ ಪ್ರಾಣ. ಆದರೂ ಕೀಲಿ ಚಾಚಿದಳು. "ತಗೊಳ್ಳಿ. ಲೈಸೆನ್ಸ್ ನಿಮ್ಮ ಹತ್ರಾನೂ ಇದೆ. ನೀವೇ ಓಡಿಸಿ. ಶಕುಂತಲಮ್ಮನವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗಿ."

ಚನ್ನಪ್ಪನ ಹೆಂಡತಿ ಶಕುಂತಲಾ ಆರತಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು. ಗಂಡನ ಮುಖ ನೋಡಿ, "ಏನ್ರೀ, ಹತ್ತಲಾ?" ಎಂದರು.

ಚನ್ನಪ್ಪ ಲಾರಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ಆಮೇಲೆ ತೆಗೆದರು. ಲಾರಿ ಹೊರಡಲಿಲ್ಲ, ಹೋಗು ಎಂದ ಮಾತನ್ನೂ ಅವರು ಹಿಂತೆಗೆದುಕೊಳ್ಳಲಿಲ್ಲ. ಅಷ್ಟು ಜನರ ಮುಂದೆ ಹೇಗೆ ತೆಗೆದುಕೊಂಡಾರು!

ದಾಕ್ಷಾಯಣಿ ಬಸ್ಸಿನಲ್ಲಿ ಅಳುತ್ತಲೇ ಮನೆಗೆ ಬಂದಳು. ಒಂದು ಸಾರಿ ಕ್ಷಮೆ ಕೇಳಿಬಿಡು ಎಂದು ಪ್ರಶಾಂತ್ ಮೆತ್ತಗೆ ಹೇಳಿ ನೋಡಿದ. "ಯಾಕೆ ಕೇಳಲಿ? ಯಾರೂ ಸಾಯದೆ ಉಳಿದ್ರಲ್ಲ, ಅದಕ್ಕೆ ಕೇಳಲಾ?" ಎಂದು ಉರಿದುಬಿದ್ದಳು.

ವಾರ ಕಳೆಯುವ ಮುಂಚೆ ಚನ್ನಪ್ಪನ ಫೋನ್ ಬಂತು. "ಹೊಸ ಟೈರ್ ಹಾಕ್ಸಿದೀನಿ ತಾಯಿ. ನಾಳೆ ಬಾ."

"ಬರ್ತೀನಿ. ಆದ್ರೆ ನೀವು ಹಾಕ್ಸಿದೀನಿ ಅಂದ್ರೂ ನಾನು ಬಗ್ಗಿ ನೋಡಿದ ಮೇಲೇ ಹತ್ತೋದು. ಒಪ್ಪಿಗೆ ಇದ್ರೆ ಕರೀರಿ."



"ಸ್ವಲ್ಪ ಬೇಗ ಬಾ," ಎಂದರು ಚನ್ನಪ್ಪ. "ಮಿಕ್ಕೆರಡು ಗಾಡೀನೂ ನೋಡ್ಬಿಡು."