ಕಾಲು ಸುತ್ತು ಹಿಂದಕ್ಕೆ

ಪಿಕಪ್ಪಿನ ಮುಂದಿನ ಎಡಚಕ್ರದಿಂದ ಟಕ್ ಟಕ್ ಸದ್ದು ಶುರುವಾಗಿ ವಾರವಾಗಿತ್ತು. ಹಂಪ್ ಏರುವಾಗ ಒಂದು, ಇಳಿಯುವಾಗ ಇನ್ನೊಂದು. ಶ್ರೀಗಂಧದ ಕಾವಲಿನ ಆ ಬೀದಿಯಲ್ಲಿ ಮೂರು ಹಂಪ್‌ಗಳಿದ್ದವು. ಆರು ಟಕ್ ಕೇಳಿಸಿದರೆ ಗಂಡ ಬಂದನೆಂದು ತಿಳಿದು ಮಾಲಾ ಒಲೆಯ ಮೇಲೆ ಹೆಂಚಿಡುತ್ತಿದ್ದಳು.

"ಬಾಲ್ ಜಾಯಿಂಟ್ ಹೋಗೇತಿ," ಎಂದ ರುದ್ರಮುನಿ, ಚಪಾತಿ ಮುರಿಯುತ್ತ. "ಚಕ್ರಾನ ಗಾಡಿಗೆ ಹಿಡಿದಿಡೋ ಗುಂಡು ಅದು. ನಮ್ಮ ತೊಡಿ ಕೀಲು ಇರ್ತದಲ್ಲ, ಹಂಗ."

"ಪೂರ್ತಿ ಹೋಗ್ಬಿಟ್ರೆ?"

"ಚಕ್ರ ಮಡಚ್ಕೊಂಡು ಗಾಡಿ ಕುಂದರ್ತದ. ಪಲ್ಯ ಹಾಕು."

ಮಾಲಾಳಿಗೆ ಅವತ್ತು ಊಟ ಸೇರಲಿಲ್ಲ. ಅವಳು ವಿಜಯನಗರದಲ್ಲಿ ಹುಟ್ಟಿ ಬೆಳೆದು ಬಿ.ಕಾಂ. ಓದಿದವಳು, ತವರಿನಲ್ಲಿ ಏನಾದರೂ ಕೆಟ್ಟರೆ ಅಂಗಡಿಗೆ ಒಯ್ಯುತ್ತಿದ್ದರು, ಅಷ್ಟೇ. ರುದ್ರಮುನಿಯ ರೀತಿಯೇ ಬೇರೆ. ಹದಿನೆಂಟಕ್ಕೆ ಇಳಕಲ್ ಕಡೆಯಿಂದ ಬಂದವನು, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಲೇತ್ ಶಾಪೊಂದರಲ್ಲಿ ಒಂಬತ್ತು ವರ್ಷ ನಿಂತೇ ದುಡಿದಿದ್ದ. ಕಬ್ಬಿಣದ ನುಣುಪನ್ನು ಹೆಬ್ಬೆರಳಲ್ಲೇ ಅಳೆಯುತ್ತಿದ್ದ. ಆಮೇಲೆ ಸ್ವಂತ ಪಿಕಪ್ ಮಾಡಿಕೊಂಡು ಮದುವೆ ಮನೆಗಳಿಗೆ ಅಡುಗೆ ಪಾತ್ರೆ, ಕುರ್ಚಿ, ಶಾಮಿಯಾನದ ಕಂಬ ಸಾಗಿಸತೊಡಗಿದ. ಮಿಕ್ಸಿ, ನಲ್ಲಿ, ಮಗಳ ತೊಟ್ಟಿಲಿನ ಕೊಕ್ಕೆ ಯಾವುದೂ ಹೊರಗಿನವರ ಕೈಗೆ ಹೋಗಿದ್ದಿಲ್ಲ. "ಕೈ ಐತಲ್ಲ," ಎಂದರೆ ಅವನ ಮಟ್ಟಿಗೆ ಮಾತು ಮುಗಿಯಿತು.

ಆದರೂ ಈ ಸಲ ಅವಳ ಕಾಟ ತಾಳದೆ ಮೆಕ್ಯಾನಿಕ್ ವೆಂಕಟಗಿರಿಯ ಬಳಿ ಹೋಗಿ ಬಂದ. "ಬುಧವಾರ ತನ್ನಿ, ಅಲ್ಲೀವರ್ಗೂ ಓಡಿಸ್ಬೇಡಿ," ಎಂದಿದ್ದರಂತೆ. ಲಗ್ನದ ದಿನಗಳು, ಬುಧವಾರದವರೆಗೆ ಯಾವ ಮದುಮಗ ಕಾಯುತ್ತಾನೆ? ಶನಿವಾರ ಬೆಳಗ್ಗೆ ಹೊಸ ಜಾಯಿಂಟ್ ತಂದವನೇ ಪಕ್ಕದ ಖಾಲಿ ಸೈಟಿನಲ್ಲಿ ಜಾಕ್ ಏರಿಸಿದ.

ಅವನ ಫೋನಿನಲ್ಲಿ ಯಾರೋ ಒಬ್ಬ ಈ ಕೆಲಸ ಮಾಡಿ ತೋರಿಸುವ ವಿಡಿಯೋ ಇತ್ತು, ಎಲ್ಲ ಇಂಗ್ಲಿಷಿನಲ್ಲಿ. ಹತ್ತು ತಿಂಗಳ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಮಾಲಾ ಅದನ್ನು ಕನ್ನಡದಲ್ಲಿ ಹೇಳುತ್ತ ಹೋದಳು. "ಬರೀ ಜಾಕ್ ನಂಬ್ಬೇಡಿ ಅಂತಿದಾನೆ. ಕೆಳಗಡೆ ಏನಾದ್ರೂ ಇಡ್ಬೇಕಂತೆ." ಅವನು ದಪ್ಪ ಮರದ ದಿಮ್ಮಿ ತಳ್ಳಿದ. "ಈಗ ಸುತ್ತಿಗೆ. ಜಾಯಿಂಟಿಗಲ್ಲ, ಅದು ಕೂತಿರೋ ಕಬ್ಬಿಣದ ಪಕ್ಕಕ್ಕೆ ಹೊಡೀಬೇಕಂತೆ." ಎಂಟನೇ ಏಟಿಗೆ ಹಳೆಯದು ಕಳಚಿ ಬಿತ್ತು. ಅದರ ಗುಂಡು ಸಡಿಲ ಹಲ್ಲಿನಂತೆ ಅಲ್ಲಾಡುತ್ತಿತ್ತು.

ಹೊಸದನ್ನು ಕೂರಿಸುವಷ್ಟರಲ್ಲಿ ಮಗು ಗ್ರೀಸ್ ಹತ್ತಿದ ಕೈಯನ್ನು ಬಾಯಿಗಿಟ್ಟುಕೊಂಡಿತು. ಮಾಲಾ ಕಿರುಚಿ, ವಿಡಿಯೋ ನಿಲ್ಲಿಸಿ, ಮಹಡಿ ಹತ್ತಿ ಓಡಿದಳು. ಬಾಯಿ ತೊಳೆದಳು, ನಾಲಿಗೆ ಒರೆಸಿದಳು, ಮತ್ತೊಮ್ಮೆ ತೊಳೆದಳು. ಕೆಳಗಿಳಿದಾಗ ಅವನು ನಟ್ಟು ಬಿಗಿದಾಗಿತ್ತು. ಆದರೆ ನಟ್ಟು ಬಿಚ್ಚಿಕೊಳ್ಳದಂತೆ ಅಡ್ಡ ತೂರಿಸುವ ಪಿನ್ ಹೋಗಲು ನಟ್ಟಿನ ಸೀಳೂ ಒಳಗಿನ ಬೋಲ್ಟಿನ ತೂತೂ ಒಂದಕ್ಕೊಂದು ಎದುರಾಗಿರಲಿಲ್ಲ. ಅವಳ ಕಣ್ಣೆದುರೇ ಅವನು ನಟ್ಟನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಪಿನ್ ತೂರಿಸಿ, ತುದಿ ಮಡಚಿದ.

"ಸಡಿಲ ಮಾಡಿದ್ರಾ?"

"ಚಕ್ರದ ಬೇರಿಂಗಿಗೂ ಹಿಂಗ ಮಾಡೋದು. ಬಿಗಿದು ಚೂರು ಬಿಡಬೇಕು. ಇಲ್ಲಾಂದ್ರ ಅದರ ಉಸಿರು ಕಟ್ತದ."

ಎಷ್ಟು ತಿಳಿದವನು ಎಂದುಕೊಂಡಳು ಮಾಲಾ. ಮನೆ ಓನರ್ ಶಶಿಕಲಾ ಆಂಟಿ ನಿಂಬೆಹಣ್ಣು ತಂದು ಚಕ್ರದಡಿ ಇಟ್ಟರು. ಅದನ್ನು ಹಿಸುಕಿಕೊಂಡು ಗಾಡಿ ಹನ್ನೊಂದಕ್ಕೆ ಕೆಂಗೇರಿಗೆ ಹೊರಟಿತು. ಅವನ ಫೋನ್ ಮಾತ್ರ ಮಗುವಿನ ಕೈಯಲ್ಲೇ ಉಳಿಯಿತು.

ಮಗಳನ್ನು ಮಲಗಿಸಿದ ಮೇಲೆ, ಬಿಟ್ಟುಹೋದ ಭಾಗ ನೋಡೋಣವೆಂದು ವಿಡಿಯೋ ಹಾಕಿದಳು. ತೂತು ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಮುಂದಕ್ಕೇ ಬಿಗಿಯಿರಿ, ಎಂದ ಆ ಮನುಷ್ಯ. ಯಾವ ಕಾರಣಕ್ಕೂ ಹಿಂದಕ್ಕೆ ತಿರುಗಿಸಬೇಡಿ. ಇದು ಬೇರಿಂಗ್ ಅಲ್ಲ. ಸಡಿಲವಾದರೆ ಜಾಯಿಂಟ್ ಒಳಗೇ ಆಡಿ ಆಡಿ ಒಂದು ದಿನ ಮುರಿಯುತ್ತದೆ.

ಮಾಲಾ ತಟ್ಟನೆ ವಿಡಿಯೋ ನಿಲ್ಲಿಸಿದಳು. ಅದೇ ಫೋನಿನಲ್ಲಿ ಕೆಂಗೇರಿಯ ಅಡುಗೆ ಕಂಟ್ರಾಕ್ಟರ್ ಮೋಹನ್ ಕುಮಾರ್ ನಂಬರ್ ಹುಡುಕಿದಳು. ಇನ್ನೂ ಬಂದಿಲ್ಲ ಎಂದರು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಮಾಡಿದಳು.

"ಈಗಷ್ಟೇ ಪಾತ್ರೆ ಇಳಿಸಿ ಹೋದ್ರಲ್ಲಮ್ಮ."

"ಅಯ್ಯೋ, ನಿಲ್ಲಿಸ್ಬೇಕಿತ್ತು ಸಾರ್. ನಟ್ಟು ಸರಿಯಾಗಿ ಬಿಗಿದಿಲ್ಲ."

"ನಿಮಗೆ ಕೆಂಗೇರೀಲಿರೋ ಗಾಡಿ ನಟ್ಟು ಅಲ್ಲಿಂದ್ಲೇ ಕಾಣುತ್ತಾ ಮೇಡಂ?" ಅವರು ನಕ್ಕು ಇಟ್ಟುಬಿಟ್ಟರು.

ಶಶಿಕಲಾ ಆಂಟಿಯೂ ಅಷ್ಟೇ. "ಗಂಡಸ್ರು ಗಾಡಿ ವಿಷ್ಯ ನಿಂಗ್ಯಾಕೇ? ಹಾಲುಣಿಸೋಳು ಹಿಂಗೆ ಗಾಬರಿಯಾದ್ರೆ ಹಾಲೂ ಬತ್ತುತ್ತೆ ಕಣೇ."

ಒಂದೂವರೆಗೆ ಅವನು ಬಂದದ್ದು ಮಾಲಾಳಿಗೆ ಗೊತ್ತೇ ಆಗಲಿಲ್ಲ. ಮೂರು ಹಂಪ್ ದಾಟಿದರೂ ಒಂದು ಟಕ್ ಇಲ್ಲ. ಬಾಗಿಲಲ್ಲಿ ಅವನನ್ನು ಕಂಡು ಅಳು ಬಂತು. ತಡೆದುಕೊಂಡು ವಿಡಿಯೋ ತೋರಿಸಿದಳು, ಪ್ರತಿ ಮಾತನ್ನೂ ಬಿಡಿಸಿ ಹೇಳಿದಳು. ಅವನು ಊಟಕ್ಕೆ ಕೂತು, ತುತ್ತು ಹಿಡಿದೇ ಪೂರ್ತಿ ಕೇಳಿದ.

"ಹೋದೆ, ಬಂದೆ. ಸದ್ದು ಐತಿ?"

"ಇಲ್ಲ."

"ಮತ್ತ?"

ಅವನು ಕ್ಷೇಮವಾಗಿ ಬಂದು ಕೂತಿದ್ದೇ ಅವಳ ಮಾತಿಗೆ ಎದುರು ಸಾಕ್ಷಿಯಾಗಿತ್ತು.

"ಒಂದೇ ಒಂದ್ಸಲ ಬಿಗಿಮಾಡ್ರೀ. ಚಿನ್ನು ಮೇಲಾಣೆ."

"ಕೂಸಿನ ಆಣೆ ಹಾಕಬ್ಯಾಡ." ಅವನ ದನಿ ಮೆತ್ತಗಾಯಿತು. "ಮತ್ತ ಚಕ್ರ ಬಿಚ್ಚಬೇಕು, ಪಿನ್ ಕಿತ್ತು ಹೊಸಾದು ಹಾಕಬೇಕು. ಎರಡೂವರಿಗೆ ರಾಜರಾಜೇಶ್ವರಿನಗರಕ್ಕ ಕುರ್ಚಿ ಮುಟ್ಟಬೇಕು. ನಾಳೆ ಮಾಡ್ತೀನಿ, ಆತಿಲ್ಲ?"

ಅವನು ಕೈ ತೊಳೆಯುವಷ್ಟರಲ್ಲಿ ಮಾಲಾ ಕೆಳಗೋಡಿ ಚಕ್ರದ ಹಿಂದೆ ಬಗ್ಗಿ ಫೋನಿನ ಟಾರ್ಚ್ ಬಿಟ್ಟಳು. ನಟ್ಟಿತ್ತು, ಪಿನ್ ಇತ್ತು, ಎಲ್ಲ ಹೊಸದಾಗಿ ಹೊಳೆಯುತ್ತಿತ್ತು. ಬಿಗಿಯಾದ ನಟ್ಟಿಗೂ ಸಡಿಲಾದ ನಟ್ಟಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇರುವುದಿಲ್ಲ. ಬೆರಳಿಂದ ತಿರುಗಿಸಲು ನೋಡಿದಳು. ಉಗುರು ಮುರಿಯಿತು.

"ಏಳು ಇಂಜಿನಿಯರವ್ವ, ಸೀರಿ ಮಣ್ಣಾಗ್ತದ," ಎಂದು ಅವನು ನಗುತ್ತ ಅವಳ ಕೈಯಿಂದ ಫೋನ್ ತೆಗೆದುಕೊಂಡು ಹೊರಟ.

ಎರಡೂಕಾಲಿಗೆ ಮಾಲಾ ತನ್ನ ಫೋನಿನಿಂದ ಕರೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಓಡಿಸುವಾಗ ಫೋನ್ ಎತ್ತಬೇಡಿ ಎಂದು ಮೂರು ವರ್ಷದಿಂದ ಜಗಳವಾಡಿ ಕಲಿಸಿದವಳು ಅವಳೇ. ಇನ್ನೊಮ್ಮೆ ಒತ್ತಲು ಹೋದ ಬೆರಳನ್ನು ಹಿಂದೆಗೆದಳು. ಎತ್ತಿಬಿಟ್ಟರೆ ಸ್ಟೀರಿಂಗಿನ ಮೇಲೆ ಒಂದೇ ಕೈ ಉಳಿಯುತ್ತದೆ.