ಜೆಟ್ಟಿಯ ಮೂರನೇ ಟೈರ್

ನನ್ನ ಹೆಂಡತಿ ಜಲಜಾಕ್ಷಿಗೆ ಒಂದು ಚಾಳಿ ಇದೆ. ಕಂಡದ್ದನ್ನೆಲ್ಲ ಕೇಳುತ್ತಾಳೆ. ಮದುವೆಯಾಗಿ ಉಡುಪಿ ಕಡೆಯಿಂದ, ಠಾಣೆ ಪೇಟೆಯ ಪಕ್ಕದ ಕಳವಾ ಎಂಬಲ್ಲಿದ್ದ ನನ್ನ ಒಂದೇ ಖೋಲಿಯ ಮನೆಗೆ ಬಂದ ಮೊದಲ ವಾರವೇ, ಕಾರ್‌ಶೆಡ್ಡಿನಲ್ಲಿ ನಿಂತ ರೈಲುಗಳ ಫ್ಯಾನು ಆರಿಸುವುದು ಯಾರು ಎಂದು ಪಕ್ಕದ ಮನೆಯ, ಲೋಕಲ್ ರೈಲು ಓಡಿಸುವ ಮೋಟರ್‌ಮನ್ನನ್ನು ಕೇಳಿದವಳು. ಅವನಿಗೂ ಗೊತ್ತಿರಲಿಲ್ಲ. ಪಾಪ, ಮರುದಿನ ವಿಚಾರಿಸಿಕೊಂಡು ಬಂದು ಹೇಳಿಹೋದ. ಹಲ್ಲಿನ ಡಾಕ್ಟರ ಹತ್ತಿರ ಮಾತ್ರ ಸುಮ್ಮನಿರುತ್ತಾಳೆ, ಬಾಯಿ ತೆರೆದೇ ಇಟ್ಟುಕೊಳ್ಳಬೇಕಲ್ಲ, ಅದಕ್ಕೆ.

ನಾನು ದಯಾನಂದ. ಹದಿನಾರು ವರ್ಷ ಠಾಣೆಯಲ್ಲಿ ಬೇರೆಯವರ ಹೋಟೆಲುಗಳಲ್ಲಿ ಸಪ್ಲೈಯರ್ ಆಗಿ, ಆಮೇಲೆ ಕೌಂಟರಿನಲ್ಲಿ ಕೂತು, 2006ರಲ್ಲಿ ಸ್ವಂತದ್ದೊಂದು ಹಿಡಿದೆ. ಐರೋಳಿಯ ಆಚೆ, ಸಮುದ್ರದ ನೀರು ಒಳಗೆ ಬರುವ ಖಾಡಿಯಲ್ಲಿ ಒಂದು ಸಣ್ಣ ಜೆಟ್ಟಿ. ಅದರ ಗುತ್ತಿಗೆದಾರ ಮೂಲೆಯಲ್ಲಿ ಹತ್ತಡಿ ಜಾಗ ಕೊಟ್ಟ. ಇಡ್ಲಿ, ಬನ್ಸ್, ಚಹಾ. ಮೊದಲ ತಿಂಗಳು ಬೆಳಿಗ್ಗೆ ಏಳಕ್ಕೆ ಇಡ್ಲಿ ಬೇಯಿಸಿಟ್ಟು ನೊಣ ಓಡಿಸುತ್ತ ಕೂತಿದ್ದೆವು. ಜಲಜಾಕ್ಷಿ ಮೀನುಗಾರರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೇಳಿ ಪತ್ತೆ ಮಾಡಿದಳು: ದೋಣಿಗಳು ಬರುವುದು ಗಡಿಯಾರ ನೋಡಿ ಅಲ್ಲ, ಭರತ, ಎಂದರೆ ಸಮುದ್ರದ ಉಬ್ಬರ ನೋಡಿ. ನೀರು ಏರಿದಾಗಲೇ ದೋಣಿ ಜೆಟ್ಟಿಗೆ ಹತ್ತುತ್ತದೆ, ಆಗಲೇ ಗಂಡಸರಿಗೆ ಹಸಿವು. ಅಂದಿನಿಂದ ನಮ್ಮ ಇಡ್ಲಿಯೂ ಭರತಕ್ಕೇ ಬೆಂದಿತು. ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆ ತಡವಾಗಿ. ವ್ಯಾಪಾರ ಕುದುರಿತು.

ಆಕೆಗೆ ಭರತದ ಲೆಕ್ಕ ಹೇಳಿಕೊಟ್ಟವಳು ಚಂದ್ರಬಾಯಿ. ಅಲ್ಲಿಯ ಕೋಳಿವಾಡದವಳು, ಎಂದರೆ ಮೀನುಗಾರರ ಕೇರಿಯವಳು, ಗಂಡ ತೀರಿಹೋದ ಮೇಲೆ ದೋಣಿ ಅವಳದೇ. ಮೈದುನ ಓಡಿಸುತ್ತಿದ್ದ, ಕಟ್ಟುವುದು ಬಿಚ್ಚುವುದು ಅವಳು. ಒಬ್ಬಳದು ಮರಾಠಿ, ಇನ್ನೊಬ್ಬಳದು ಹಿಂದಿಯ ಹೆಸರಿನಲ್ಲಿ ತುಳು. ಆದರೂ ಇಬ್ಬರ ಮಾತು ಮುಗಿದದ್ದನ್ನು ನಾನು ಕಂಡದ್ದಿಲ್ಲ. ಬಲೆಗೆ ಸಿಗಡಿ ಬಿದ್ದ ದಿನ ಒಂದು ಬೊಗಸೆ ನಮ್ಮ ಕೌಂಟರಿನ ಮೇಲೆ ಇಟ್ಟೇ ಮನೆಗೆ ಹೋಗುತ್ತಿದ್ದಳು.

ಎಲ್ಲ ಶುರುವಾದದ್ದು ಆ ಸಿಗಡಿಯಿಂದ. ಸಿಗಡಿಗೆ ಬಸಳೆ ಬೇಕು ಎಂದು ಜಲಜಾಕ್ಷಿ ಹಟ ಹಿಡಿದಳು. ಊರಿನಿಂದ ದಂಟು ತಂದಳು, ಆದರೆ ಜೆಟ್ಟಿಯಲ್ಲಿ ಮಣ್ಣೆಲ್ಲಿದೆ, ಬರೀ ಕಾಂಕ್ರೀಟು. ವರ್ತಕ ನಗರದಲ್ಲಿ ಅವಳ ಅಕ್ಕನ ಸೊಸೈಟಿಯಲ್ಲಿ ಹಳೆಯ ಟೈರಿಗೆ ಮಣ್ಣು ತುಂಬಿ ಗಿಡ ನೆಟ್ಟಿದ್ದಾರಂತೆ. ನೀವೂ ಒಂದು ಟೈರ್ ತನ್ನಿ, ಎಲ್ಲರ ಗಂಡಂದಿರು ತರುತ್ತಾರೆ ಎಂದು ಎರಡು ವಾರ ತಲೆ ತಿಂದಳು.

2012ರ ಮೇ ತಿಂಗಳು, ಅಮಾವಾಸ್ಯೆಯ ಆಸುಪಾಸು, ಸೋಮವಾರ ಸಂಜೆ. ಅವಳು ಮೊದಲೇ ಮನೆಗೆ ಹೋಗಿದ್ದಳು. ನೀರು ಪೂರ್ತಿ ಇಳಿದಿತ್ತು. ದೋಣಿಗಳು ಉಜ್ಜದಿರಲೆಂದು ಜೆಟ್ಟಿಯ ಅಂಚಿಗೆ ಮೂರು ಟೈರ್ ನೇತುಹಾಕಿದ್ದರು. ಮೂರನೆಯದರ ಕೆಳಗೆ ಚಂದ್ರಬಾಯಿಯ ದೋಣಿ ಕಟ್ಟಿತ್ತು, ಬಹಳ ಕೆಳಗೆ, ಕೆಸರಿನ ಹತ್ತಿರ. ಟೈರ್ ಅದರಿಂದ ಒಂದಾಳು ಮೇಲೆ ಸುಮ್ಮನೆ ಗಾಳಿಯಲ್ಲಿ ಅಲ್ಲಾಡುತ್ತಿತ್ತು. ಕೆಲಸವಿಲ್ಲದ ಟೈರ್ ಎಂದುಕೊಂಡೆ. ತೆಂಗಿನಕಾಯಿಯ ಕತ್ತಿಯಿಂದ ನೀಲಿ ಹಗ್ಗ ಕೊಯ್ದು ಎಳೆದುಕೊಂಡೆ. ಆರು ವರ್ಷ ಇಡ್ಲಿಗೆ ಭರತ ನೋಡಿದ ಮನುಷ್ಯ ನಾನು, ಟೈರಿಗೆ ನೋಡಲಿಲ್ಲ. ನೀರು ಏರಿದಾಗ ದೋಣಿಯೂ ಏರಿ ಆ ಜಾಗಕ್ಕೇ ಬರುತ್ತದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಮಂಗಳವಾರ ಬೆಳಿಗ್ಗೆ ಬಂದಾಗ ಜನ ಸೇರಿತ್ತು. ನಡುರಾತ್ರಿಯ ದೊಡ್ಡ ಭರತಕ್ಕೆ ಗಾಳಿಯೂ ಸೇರಿ, ದೋಣಿ ಬರಿಯ ಕಾಂಕ್ರೀಟಿಗೂ ಅಲ್ಲಿ ಎದ್ದಿದ್ದ ಕಬ್ಬಿಣದ ಬೋಲ್ಟಿಗೂ ಬಡಿದು ಬಡಿದು ಪಕ್ಕೆ ಒಡೆದುಕೊಂಡಿತ್ತು. ಈಗ ಕೆಸರಿನಲ್ಲಿ ಓರೆಯಾಗಿ ಮಲಗಿತ್ತು, ಇಂಜಿನ್ನಿನಿಂದ ಕೆಸರು ನೀರು ಸೋರುತ್ತಿತ್ತು. ಚಂದ್ರಬಾಯಿ ಅಳಲಿಲ್ಲ. ಟೈರ್ ಎಲ್ಲಿ, ಇಲ್ಲಿದ್ದ ಟೈರ್ ಎಲ್ಲಿ ಎಂದು ಅದನ್ನೇ ಹೇಳುತ್ತಿದ್ದಳು. ಕ್ಯಾಂಟೀನಿನ ಹಿಂದೆ, ಹಿಂದಿನ ಸಂಜೆಯೇ ನಾನು ರಸ್ತೆಬದಿಯಿಂದ ತಂದು ಹಾಕಿದ ಮಣ್ಣು ತುಂಬಿಕೊಂಡು ಟೈರು ಕೂತಿತ್ತು. ಜಲಜಾಕ್ಷಿ ಬಂದವಳೇ, ಗುಂಪಿನ ಕಡೆ ನೋಡುವ ಮೊದಲು, ಖುಷಿಯಾಗಿ ಬಸಳೆ ನೆಟ್ಟದ್ದೂ ಆಗಿತ್ತು. ಟೈರ್ ಎಲ್ಲಿಯದು ಎಂದು ಮಾತ್ರ ಅವಳು ಕೇಳಿರಲಿಲ್ಲ. ಜನ್ಮದಲ್ಲಿ ಕೇಳದೆ ಬಿಟ್ಟದ್ದು ಅದೊಂದೇ.

ಇಂಜಿನ್ನಿಗೆ ಸಾಲ ಕೊಟ್ಟ ಬ್ಯಾಂಕು ಒತ್ತಾಯ ಮಾಡಿ ದೋಣಿಗೆ ವಿಮೆ ಮಾಡಿಸಿತ್ತು. ನಷ್ಟ ಲೆಕ್ಕಹಾಕುವ ವಿಮಾ ಕಂಪನಿಯ ಸರ್ವೇಯರ್ ಗುರುವಾರ ಬಂದರು. ಹೆಸರು ಶಿವರಾಯ, ಕಲಬುರ್ಗಿ ಕಡೆಯವರು. ಇಪ್ಪತ್ತನಾಲ್ಕು ವರ್ಷದ ತನಕ ಸಮುದ್ರವನ್ನೇ ನೋಡದವರು ದೋಣಿಯ ಪಕ್ಕೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡುತ್ತಿದ್ದರು. ಕನ್ನಡದವರು ಎಂದು ಗೊತ್ತಾದದ್ದೇ ತಡ, ನಮ್ಮವಳು ಚಹಾದ ನೆಪದಲ್ಲಿ ಅವರ ಬೆನ್ನು ಹತ್ತಿದಳು. ಯಾಕೆ ತಟ್ಟುವುದು? ಫೋಟೋದಲ್ಲಿ ಅಳತೆಯ ಪಟ್ಟಿ ಯಾಕೆ? ದೋಣಿ ಒಡೆದರೆ ತಪ್ಪು ಯಾರದು ಎಂದು ಮರಕ್ಕೆ ಹೇಗೆ ಗೊತ್ತು? ಆ ಮನುಷ್ಯನಿಗೂ ಹೀಗೆ ಕೇಳುವವರು ಸಿಕ್ಕಿರಲಿಲ್ಲವೋ ಏನೋ, ಎಲ್ಲವನ್ನೂ ಬಿಡಿಸಿ ಹೇಳಿದರು.

ನಾನು ಕಪ್ಪು ತೊಳೆಯುತ್ತ ಕಿವಿಗೊಟ್ಟಿದ್ದೆ. ಬರಿಯ ಕಾಂಕ್ರೀಟಿಗೆ ದೋಣಿ ಕಟ್ಟಿದ್ದರೆ ಅದು ಮಾಲಕಿಯದೇ ನಿಷ್ಕಾಳಜಿ, ಕಂಪನಿ ಬಿಡಿಗಾಸು ಕೊಡುವುದಿಲ್ಲ. ಕಟ್ಟುವಾಗ ಟೈರ್ ಇತ್ತು, ಆಮೇಲೆ ಯಾರೋ ತೆಗೆದರು ಎಂದಾದರೆ ಅವಳ ತಪ್ಪಿಲ್ಲ. ಇತ್ತು ಎಂದು ಚಂದ್ರಬಾಯಿ. ಅದು ಹೋದ ವರ್ಷವೇ ಬಿದ್ದುಹೋಗಿದೆ, ಇರುವುದೇ ಎರಡು ಎಂದು ಗುತ್ತಿಗೆದಾರ. ಎಲ್ಲಿ ತನ್ನ ತಲೆಗೆ ಸುತ್ತಿಕೊಳ್ಳುತ್ತದೋ ಎಂಬ ಹೆದರಿಕೆ ಅವನಿಗೆ. ಆಗ ಶಿವರಾಯರು ಅಂಚಿನಲ್ಲಿ ಉಳಿದಿದ್ದ ನೀಲಿ ಹಗ್ಗದ ತುದಿಯನ್ನು ಜಲಜಾಕ್ಷಿಗೆ ತೋರಿಸಿದರು. ತಾನಾಗಿ ಹರಿದ ಹಗ್ಗ ಪೊರಕೆಯ ಹಾಗೆ ಕೆದರಿರುತ್ತದೆ. ಇದು ನುಣ್ಣಗಿದೆ, ಒಳಗಿನ ಬಣ್ಣ ಬಿಸಿಲಿಗೆ ಇನ್ನೂ ಮಾಸಿಲ್ಲ. ಕತ್ತಿಯಿಂದ, ಮೊನ್ನೆ ಮೊನ್ನೆ ಕೊಯ್ದದ್ದು. ಆದರೆ ಯಾವ ದಿನ, ದೋಣಿ ಕಟ್ಟುವ ಮೊದಲೋ ಆಮೇಲೋ ಎಂದು ಹಗ್ಗ ಹೇಳುವುದಿಲ್ಲ, ಮನುಷ್ಯ ಹೇಳಬೇಕು.

“ಹಾಗಾದರೆ ಟೈರ್ ತೆಗೆದವನಿಗೆ ಎಂತ ಆಗ್ತದೆ?” ಎಂದು ಜಲಜಾಕ್ಷಿ ಕೇಳಿದಳು.

“ಕಂಪನಿ ಮೊದಲ ಈ ಚಂದ್ರಬಾಯಿಗೆ ರೊಕ್ಕ ಕೊಡ್ತದರಿ ಅಕ್ಕಾರ,” ಎಂದರು ಶಿವರಾಯರು. “ಆಮ್ಯಾಲ ಅದನ್ನ ವಸೂಲಿ ಮಾಡ್ಲಾಕ ಟೈರ್ ತಗದಾವನ ಮನಿ ಬಾಗಿಲಿಗೇ ಹೋಗ್ತದ.”

ಪಾಪ, ಯಾವನೋ ಗ್ರಹಚಾರ ಕೆಟ್ಟವನು ಎಂದು ಇವಳು ಲೊಚಗುಟ್ಟಿದಳು. ನಾನು ತೊಳೆದ ಕಪ್ಪನ್ನೇ ಮತ್ತೆ ತೊಳೆದೆ.

ಮುಂದಿನ ಬುಧವಾರ ಬಂದು ರಿಪೋರ್ಟ್ ಮುಗಿಸುತ್ತೇನೆ ಎಂದು ಅವರು ಹೋದರು. ಅಷ್ಟೂ ದಿನ ಜಲಜಾಕ್ಷಿಗೆ ಅದೇ ಧ್ಯಾನ. ಸಂಜೆಯ ತನಕ ಅಲ್ಲಿ ಕೂರುವವರು ಯಾರು, ನೀಲಿ ಹಗ್ಗ ಕೊಯ್ಯಲು ಎಂಥ ಕತ್ತಿ ಬೇಕು, ಒಂದು ಟೈರಿನಿಂದ ಯಾರಿಗೆ ಏನು ಉಪಯೋಗ. ರೈಲಿನಲ್ಲಿ ಅದೇ, ಊಟಕ್ಕೆ ಕೂತರೆ ಅದೇ. ನಾನು ಗದರಿದೆ, ನಿನಗೇನು ಪೊಲೀಸ್ ಕೆಲಸ ಕೊಟ್ಟಿದ್ದಾರಾ ಎಂದೆ. ಹೇಳಿಬಿಡಬೇಕೆಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ಕ್ಯಾಂಟೀನು ಹೋದರೆ ಐವತ್ತರ ಹತ್ತಿರದಲ್ಲಿ ಮತ್ತೆ ಯಾರದೋ ಹೋಟೆಲಿನಲ್ಲಿ ತಟ್ಟೆ ಎತ್ತಬೇಕು ಎಂದು ನೆನಪಾದ ಕೂಡಲೇ ಒಲೆ ಹಚ್ಚಲು ಎದ್ದುಬಿಡುತ್ತಿದ್ದೆ. ಚಂದ್ರಬಾಯಿ ಆಗ ಬೇರೆಯವರ ಬಲೆ ಹೊಲಿಯುತ್ತ ನಮ್ಮ ಎದುರಿಗೇ ಕೂತಿರುತ್ತಿದ್ದಳು. ಅವಳಿಗೆ ಚಹಾ ಕೊಡುವಾಗ ನಾನು ಮುಖ ನೋಡುತ್ತಿರಲಿಲ್ಲ. ನಾಚಿಕೆಗೇಡು, ಇದಕ್ಕಿಂತ ಬೇರೆ ಮಾತಿಲ್ಲ.

ಮಂಗಳವಾರ ಸಂಜೆ ಜಲಜಾಕ್ಷಿ ಬಸಳೆಗೆ ಅಕ್ಕಿ ತೊಳೆದ ನೀರು ಹೊಯ್ಯಲು ಹಿಂದೆ ಹೋದಳು. ಬಹಳ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಿದರೆ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ. ಟೈರಿನ ಬದಿಯ ಮಣ್ಣು ನೀರಿಗೆ ಕೊಚ್ಚಿ ಗೇಣುದ್ದ ನೀಲಿ ಹಗ್ಗ ಹೊರಗೆ ಬಂದಿತ್ತು. ಅದರ ತುದಿಯನ್ನು, ಶಿವರಾಯರು ಹಿಡಿದು ನೋಡಿದ ಹಾಗೆಯೇ, ಎರಡು ಬೆರಳಿನಲ್ಲಿ ಹಿಡಿದುಕೊಂಡಿದ್ದಳು.

“ಈ ಟೈರ್ ಎಲ್ಲಿಂದ ತಂದದ್ದು?”

ನಾನು ಹೇಳಿದೆ. ಯಾವ ಹೊತ್ತು, ಯಾವ ಕತ್ತಿ, ದೋಣಿ ಕೆಳಗಿತ್ತು ಎಂಬುದು, ಎಲ್ಲ. ಮನೆಯಲ್ಲಿ ನಾವು ತುಳು ಆಡುವವರು, ಬೈಗುಳಕ್ಕೆ ಅದರಲ್ಲೇನೂ ಬರ ಇಲ್ಲ. ಅವಳು ಬೈಯಲಿಲ್ಲ. ಬಸಳೆಯ ಬುಡಕ್ಕೆ ಕೈ ಹಾಕಿ, ಬೇರು ಹರಿಯದ ಹಾಗೆ ಮಣ್ಣಿನ ಸಮೇತ ಎತ್ತಿ ಖಾಲಿ ಎಣ್ಣೆ ಡಬ್ಬಿಗೆ ಇಳಿಸಿದಳು.

“ನಾಳೆ ಅವರು ಬರ್ತಾರೆ. ನೀವು ಹೇಳ್ತೀರಾ, ನಾನು ಹೇಳಲಾ?”

ಮರುದಿನ ನಾನೇ ಹೇಳಿದೆ. ಟೈರನ್ನು ಉರುಳಿಸಿಕೊಂಡು ಹೋಗಿ ಶಿವರಾಯರ ಮುಂದೆ ಇಟ್ಟು, ಚಂದ್ರಬಾಯಿ ದೋಣಿ ಕಟ್ಟಿಹೋದ ಮೇಲೆ ತೆಗೆದೆ ಎಂದೆ. ಅವರು ಹಗ್ಗದ ಎರಡು ತುದಿ ಕೂಡಿಸಿ ನೋಡಿದರು. ಬರೆದುಕೊಳ್ಳುವ ಮೊದಲು, ಇದರ ಪರಿಣಾಮ ಗೊತ್ತಿದೆಯೇ ಎಂದು ನನ್ನನ್ನಲ್ಲ, ಜಲಜಾಕ್ಷಿಯನ್ನು ಕೇಳಿದರು. ಅವತ್ತು ನೀವೇ ಹೇಳಿದ್ದೀರಲ್ಲ ಎಂದಳು. ಚಂದ್ರಬಾಯಿ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಬಲೆ ಎತ್ತಿಕೊಂಡು ಹೊರಟುಹೋದಳು.

ಮಳೆಗಾಲ ಇಳಿದು ಮೀನುಗಾರರು ಮತ್ತೆ ಸಮುದ್ರಕ್ಕೆ ಹೊರಡುವ ನಾರಳಿ ಹುಣ್ಣಿಮೆಯ ಹೊತ್ತಿಗೆ ಅವಳ ದೋಣಿ ಹೊಸ ಹಲಗೆ ಹಾಕಿಸಿಕೊಂಡು ನೀರಿಗಿಳಿಯಿತು. ಗುತ್ತಿಗೆದಾರ ನಮ್ಮನ್ನು ತಿಂಗಳೊಳಗೆ ಎಬ್ಬಿಸಿದ. ದೀಪಾವಳಿಯ ಮರುವಾರ ಕಂಪನಿಯ ಪತ್ರ ಮನೆ ಬಾಗಿಲಿಗೆ ಬಂತು, ಶಿವರಾಯರು ಹೇಳಿದ ಹಾಗೆಯೇ. ಕಂತಿನಲ್ಲಿ ತೀರಿಸಲು ಮೂರು ವರ್ಷ ಹಿಡಿಯಿತು. ನಾನು ಮತ್ತೆ ತಟ್ಟೆ ಎತ್ತಿದೆ, ಜಲಜಾಕ್ಷಿ ಕಳವಾ ಸ್ಟೇಷನ್ನಿನ ಹೊರಗೆ ಬುಟ್ಟಿಯಲ್ಲಿ ಇಡ್ಲಿ ಮಾರಿದಳು. ಈಗ ಅಲ್ಲೇ ಒಂದು ಗೂಡಂಗಡಿ ಇದೆ, ಇಬ್ಬರೂ ನಿಲ್ಲುತ್ತೇವೆ. ಚಂದ್ರಬಾಯಿ ತಿಂಗಳಿಗೊಮ್ಮೆ ರೈಲು ಹಿಡಿದು ಸಿಗಡಿ ತರುತ್ತಾಳೆ, ಬಸಳೆ ಕಟ್ಟಿಸಿಕೊಂಡು ಹೋಗುತ್ತಾಳೆ. ನನ್ನ ಹತ್ತಿರವೂ ಒಂದೆರಡು ಮಾತಾಡುತ್ತಾಳೆ.

ಜಲಜಾಕ್ಷಿ ಬದಲಾಗಿಲ್ಲ. ಮೊನ್ನೆ ರೈಲಿನ ಟಿಸಿಯನ್ನು ನಿಲ್ಲಿಸಿ, ವಸೂಲಿ ಮಾಡಿದ ದಂಡದಲ್ಲಿ ನಿಮಗೆಷ್ಟು ಎಂದು ಕೇಳಿದಳು. ಆದರೆ ಆ ಎಂಟು ದಿನ ನೀವು ಯಾಕೆ ಬಾಯಿ ಮುಚ್ಚಿಕೊಂಡಿದ್ದಿರಿ ಎಂದು ಅವಳು ನನ್ನನ್ನು ಈವರೆಗೆ ಕೇಳಿಲ್ಲ. ಕೇಳಿದರೆ ಹೇಳಲು ಎಲ್ಲ ಜೋಡಿಸಿಟ್ಟುಕೊಂಡು ಆರು ವರ್ಷವಾಯಿತು. ನಿನ್ನೆ ರಾತ್ರಿ ಬಸಳೆ ಸಿಗಡಿ ಬಡಿಸುತ್ತ ನನ್ನ ಮುಖವನ್ನೇ ನೋಡುತ್ತ ನಿಂತಳು. ಈಗ ಕೇಳುತ್ತಾಳೆ ಎಂದು ನಾನು ತುತ್ತು ಕೆಳಗಿಟ್ಟೆ. ಇನ್ನೂ ಸ್ವಲ್ಪ ಅನ್ನ ಹಾಕಲಾ ಎಂದು ಕೇಳಿದಳು.